ಪಟ್ಟಾಯದ ವೇದಿಕೆಯಲ್ಲಿ ಚಪ್ಪಾಳೆ, ಗುರುತಿನ ಚೀಟಿಯಲ್ಲಿ ನಿರಾಕರಣೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಪ್ರವಾಸ ಲೇಖನವೊಂದರಲ್ಲಿ, ಠಾಣೆಯಿಂದ ಪಟ್ಟಾಯಕ್ಕೆ ಹೋಗಿಬಂದ ಲೇಖಕರು ಅಲ್ಲಿನ ಟ್ರಾನ್ಸ್‌ಜೆಂಡರ್ ಕಲಾವಿದೆಯರ ಕ್ಯಾಬರೆ ಪ್ರದರ್ಶನವನ್ನು ವರ್ಣಿಸುತ್ತ, ‘ಥಾಯ್ ಸಮಾಜದಲ್ಲಿ ಇವರಿಗೆ ಯಾವ ಕೊರತೆಯೂ ಇಲ್ಲ’ ಎಂದು ಬರೆದಿದ್ದರು. ಆ ಒಂದು ವಾಕ್ಯದ ಸುತ್ತ ಮುಂಬಯಿ, ಪುಣೆ, ಗೋವಾಗಳಿಂದ ಅನೇಕ ಪತ್ರಗಳು ಬಂದಿವೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನೂ ಕಳೆದ ವರ್ಷ ಪಟ್ಟಾಯದಲ್ಲಿ ಅಂಥದೇ ಪ್ರದರ್ಶನ ನೋಡಿದೆ. ಬ್ಯಾಂಕಾಕಿನ ಮಾಲ್‌ಗಳಲ್ಲೂ ಟ್ರಾನ್ಸ್‌ಜೆಂಡರ್ ಮಹಿಳೆಯರು ನಿರ್ಭಯವಾಗಿ ಕೆಲಸ ಮಾಡುತ್ತಿದ್ದರು. ನಮ್ಮಲ್ಲಿ ಅವರನ್ನು ಸಿಗ್ನಲ್‌ಗಳಲ್ಲಿ, ಲೋಕಲ್ ರೈಲುಗಳಲ್ಲಿ ಕೈಯೊಡ್ಡುವ ಸ್ಥಿತಿಗೆ ತಂದಿದ್ದೇವೆ. ಹಾಗಿರುವಾಗ ಲೇಖಕರು ಬರೆದದ್ದರಲ್ಲಿ ತಪ್ಪೇನು?
— ಓದುಗರು, ಡೊಂಬಿವಲಿ

ಉತ್ತರ: ನೀವು ಕಂಡದ್ದು ನಿಜ. ಸೌಂದರ್ಯವರ್ಧಕಗಳ ಮಳಿಗೆಗಳಲ್ಲಿ, ಕೇಶಾಲಂಕಾರದ ಅಂಗಡಿಗಳಲ್ಲಿ, ಊಟದ ಗಾಡಿಗಳ ಹಿಂದೆ ಟ್ರಾನ್ಸ್‌ಜೆಂಡರ್ ಮಹಿಳೆಯರು ದುಡಿಯುವುದು ಅಲ್ಲಿ ದಿನನಿತ್ಯದ ನೋಟ, ಮತ್ತು ಆ ಮಟ್ಟಿಗೆ ಅಲ್ಲಿನ ಬೀದಿ ನಮ್ಮ ಬೀದಿಗಿಂತ ಸಹನೆಯುಳ್ಳದ್ದು. ಹಿಂದಿನ ಜನ್ಮದ ಕರ್ಮಫಲವಾಗಿ ಇವರು ಹೀಗೆ ಹುಟ್ಟಿದ್ದಾರೆ ಎಂಬ ನಂಬಿಕೆ ಅನೇಕ ಥಾಯ್ ಬೌದ್ಧರಲ್ಲಿದೆ. ಆ ನಂಬಿಕೆ ಹಗೆತನವನ್ನು ತಗ್ಗಿಸಿದೆ. ಆದರೆ ಅದು ಕೊಡುವುದು ಅನುಕಂಪವನ್ನು, ಸಮಾನತೆಯನ್ನಲ್ಲ.

ಪ್ರವಾಸಿಯ ಕಣ್ಣಿಗೆ ಬೀಳದ ಭಾಗ ಸರಕಾರಿ ಕಚೇರಿಯ ಮೇಜಿನ ಮೇಲಿದೆ. ಥಾಯ್ಲೆಂಡಿನ ಗುರುತಿನ ಚೀಟಿಯಲ್ಲಿ ಹೆಸರಿನ ಮುಂದೆ ಪುರುಷರಿಗೆ ‘ನಾಯ್’, ಅವಿವಾಹಿತ ಮಹಿಳೆಯರಿಗೆ ‘ನಾಂಗ್ ಸಾವ್’ ಎಂದು ಸೇರಿಸುವ ಪದ್ಧತಿಯಿದೆ. ಶಸ್ತ್ರಚಿಕಿತ್ಸೆ ಮುಗಿದು ದಶಕಗಳಾಗಿದ್ದರೂ ಟ್ರಾನ್ಸ್‌ಜೆಂಡರ್ ಮಹಿಳೆಯ ಚೀಟಿಯಲ್ಲಿ ‘ನಾಯ್’ ಎಂಬುದೇ ಉಳಿಯುತ್ತದೆ. ವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರು ತಮ್ಮ ಸಂಬೋಧನೆಯನ್ನು ತಾವೇ ಆರಿಸಿಕೊಳ್ಳಬಹುದೆಂದು 2008ರಲ್ಲಿ ಕಾನೂನಾದಾಗಲೂ ಇವರನ್ನು ಹೊರಗಿಡಲಾಯಿತು. ಲಿಂಗ ಗುರುತನ್ನು ದಾಖಲೆಗಳಲ್ಲಿ ಬದಲಿಸಿಕೊಳ್ಳಲು ಅವಕಾಶ ಕೊಡುವ ಮಸೂದೆಯನ್ನು 2024ರ ಫೆಬ್ರವರಿಯಲ್ಲಿ ಅಲ್ಲಿನ ಸಂಸತ್ತು ತಿರಸ್ಕರಿಸಿತು. ಇದರ ಪರಿಣಾಮ ಬದುಕಿನ ಪ್ರತಿ ಬಾಗಿಲಲ್ಲೂ ಎದುರಾಗುತ್ತದೆ: ಬ್ಯಾಂಕಿನ ಖಾತೆ, ವಿಮಾನ ನಿಲ್ದಾಣದ ತಪಾಸಣೆ, ಆಸ್ಪತ್ರೆಯ ವಾರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಉದ್ಯೋಗದ ಸಂದರ್ಶನ. ಎದುರಿಗೆ ಕುಳಿತವಳ ಮುಖ ಒಂದು ಹೇಳುತ್ತದೆ, ಕೈಯಲ್ಲಿರುವ ಚೀಟಿ ಇನ್ನೊಂದು ಹೇಳುತ್ತದೆ; ಆ ಕ್ಷಣದಲ್ಲಿ ಪದವಿಗೆ ಬೆಲೆ ಇಲ್ಲದಂತಾಗುತ್ತದೆ.

ಕಡ್ಡಾಯ ಸೈನ್ಯಭರ್ತಿಯ ವಿಷಯ ಇನ್ನೂ ಕಠಿಣವಾದದ್ದು. ದಾಖಲೆಯಲ್ಲಿ ಪುರುಷರಾಗಿರುವುದರಿಂದ ಅವರೂ 21ನೆಯ ವಯಸ್ಸಿನಲ್ಲಿ ಭರ್ತಿ ಕೇಂದ್ರಕ್ಕೆ ಹಾಜರಾಗಬೇಕು. ವಿನಾಯಿತಿ ಕೊಡುವಾಗ ಸೇನೆಯ ಪ್ರಮಾಣಪತ್ರದಲ್ಲಿ ‘ಶಾಶ್ವತ ಮಾನಸಿಕ ಅಸ್ವಸ್ಥತೆ’ ಎಂದು ಬರೆಯುವ ರೂಢಿಯಿತ್ತು, ಮತ್ತು ಕೆಲಸಕ್ಕೆ ಅರ್ಜಿ ಹಾಕುವಾಗ ಆ ಪತ್ರವನ್ನು ತೋರಿಸಬೇಕಾಗುತ್ತಿತ್ತು. ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆ ಹೂಡಿದ ದಾವೆಯಲ್ಲಿ 2011ರಲ್ಲಿ ಆಡಳಿತ ನ್ಯಾಯಾಲಯ ಆ ಪದಗಳನ್ನು ತೆಗೆಯಬೇಕೆಂದು ತೀರ್ಪಿತ್ತಿತು. ಒಂದು ಇಡೀ ಪೀಳಿಗೆ ಆ ಮುದ್ರೆಯನ್ನು ಹೊತ್ತು ಕೆಲಸ ಹುಡುಕಿತ್ತು ಎಂಬುದನ್ನು ನೆನೆದರೆ, ಕ್ಯಾಬರೆಯ ವೇದಿಕೆ ಯಾಕೆ ಅಷ್ಟು ತುಂಬಿತ್ತು ಎಂಬುದು ತಿಳಿಯುತ್ತದೆ.

ಒಳ್ಳೆಯ ಬದಲಾವಣೆಗಳೂ ಆಗಿವೆ. ಹುಟ್ಟಿನ ಲಿಂಗಕ್ಕಿಂತ ಭಿನ್ನವಾದ ರೂಪವನ್ನು ಕಾರಣವಾಗಿಸಿ ತಾರತಮ್ಯ ಮಾಡುವುದನ್ನು 2015ರ ಲಿಂಗ ಸಮಾನತೆ ಕಾಯ್ದೆ ನಿಷೇಧಿಸಿದೆ. 2025ರ ಜನವರಿ 23ರಿಂದ ವಿವಾಹ ಸಮಾನತೆಯ ಕಾನೂನು ಜಾರಿಯಲ್ಲಿದೆ. ಆದರೂ ‘ಯಾವ ಕೊರತೆಯೂ ಇಲ್ಲ’ ಎಂಬ ಮಾತನ್ನು ನಾನು ಒಪ್ಪಲಾರೆ. ಪ್ರೇಕ್ಷಕರ ಕುರ್ಚಿಯಲ್ಲಿ ಕುಳಿತವರಿಗೆ ವೇದಿಕೆಯ ಮೇಲಿನ ಜಾಗ ಮಾತ್ರ ಕಾಣುತ್ತದೆ.

ಪ್ರಶ್ನೆ: ಪ್ರದರ್ಶನ ಮುಗಿದ ಮೇಲೆ ಕಲಾವಿದೆಯರು ಹೊರಗೆ ಸಾಲಾಗಿ ನಿಂತು ಫೋಟೊಗೆ ಕರೆದರು. ಫೋಟೊ ತೆಗೆಸಿಕೊಂಡ ಮೇಲೆ ಹಣ ಕೇಳಿದರು. ಟಿಕೆಟ್ ಹಣ ಪ್ಯಾಕೇಜಿನಲ್ಲೇ ಸೇರಿತ್ತಲ್ಲ, ಇದು ಸುಲಿಗೆಯಲ್ಲವೇ?
— ಹೋಟೆಲ್ ಉದ್ಯಮಿ, ಮುಲುಂಡ್

ಉತ್ತರ: ಹೋಟೆಲ್ ನಡೆಸುವ ನಿಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ನೀವು ದಾದರಿನ ಅಥವಾ ಠಾಣೆಯ ಟೂರ್ ಏಜೆಂಟರಿಗೆ ಕೊಟ್ಟ ಹಣ, ಅಲ್ಲಿನ ಸ್ಥಳೀಯ ಏಜೆಂಟರನ್ನು, ಬಸ್ಸಿನವರನ್ನು, ಗೈಡನ್ನು, ರಂಗಮಂದಿರದ ಮಾಲೀಕರನ್ನು ದಾಟಿದ ಮೇಲೆ ನರ್ತಕಿಯ ಸಂಬಳದ ಚೀಟಿಗೆ ಇಳಿಯಬೇಕು. ಎಷ್ಟು ಇಳಿಯುತ್ತದೆ ಎಂಬುದನ್ನು ಮಾಲೀಕರು ನಿರ್ಧರಿಸುತ್ತಾರೆ. ಫೋಟೊಗೆ ಕೊಡುವ ಬಖ್ಶೀಸು ಮಾತ್ರ ಪ್ರೇಕ್ಷಕರ ಕೈಯಿಂದ ನೇರವಾಗಿ ಅವಳ ಕೈಗೆ ಹೋಗುವ ಹಣ, ಅನೇಕರಿಗೆ ಅದೇ ತಿಂಗಳನ್ನು ಸರಿದೂಗಿಸುವ ಆದಾಯ. ಪಟ್ಟಾಯದ ಟಿಫ಼ಾನಿ ಪ್ರದರ್ಶನ 1974ರಲ್ಲಿ, ಅಲ್ಕಜ಼ಾರ್ 1981ರಲ್ಲಿ ಆರಂಭವಾದವು. ಫುಕೆಟ್‌ನಲ್ಲೂ ಬ್ಯಾಂಕಾಕಿನಲ್ಲೂ ಅದೇ ಮಾದರಿ ಬೆಳೆಯಿತು. ಗರಿಗಳ ಉಡುಪು, ತುಟಿಚಲನೆಯ ಹಾಡು, ಮಧ್ಯೆ ಒಂದು ಹಾಸ್ಯದ ತುಣುಕು, ಪ್ರತಿ ರಾತ್ರಿ ಒಂದಕ್ಕಿಂತ ಹೆಚ್ಚು ಸರದಿ. ಪ್ರವಾಸಿಗರು ಎಲ್ಲಿಂದ ಬರುತ್ತಾರೋ ಆ ದೇಶದ ಹಾಡುಗಳೂ ಸೇರುತ್ತವೆ. ಹಿಂದಿ ಹಾಡು ಬಂದಾಗ ನಮ್ಮವರು ಎದ್ದುನಿಂತು ಶಿಳ್ಳೆ ಹಾಕುವುದನ್ನು ನೀವೂ ಕಂಡಿರಬೇಕು. ಬೇಡವೆನಿಸಿದರೆ ಫೋಟೊಗೆ ನಿಲ್ಲಬೇಡಿ. ನಿಂತರೆ ಕೊಟ್ಟುಬಿಡಿ, ಮತ್ತು ಅವರ ಮೈಮೇಲೆ ಕೈಹಾಕಿ ಗೆಳೆಯರನ್ನು ನಗಿಸುವುದಕ್ಕೆ ಆ ನೋಟು ಪರವಾನಗಿಯೆಂದು ಭಾವಿಸಬೇಡಿ. ನಮ್ಮ ಊರಿನ ಗುಂಪುಗಳು ಅಲ್ಲಿ ಹೀಗೆ ನಡೆದುಕೊಳ್ಳುತ್ತವೆ ಎಂದು ಇಬ್ಬರು ಓದುಗರು ನೊಂದು ಬರೆದಿರುವುದರಿಂದ ಈ ಮಾತನ್ನು ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ಪ್ರಶ್ನೆ: ಥಾಯ್ ಚಲನಚಿತ್ರಗಳೂ ದೂರದರ್ಶನವೂ ಈ ಸಮುದಾಯವನ್ನು ಹೇಗೆ ತೋರಿಸಿವೆ? ಹೆಚ್ಚು ತೋರಿಸಿದಷ್ಟೂ ಒಪ್ಪಿಗೆ ಹೆಚ್ಚುತ್ತದೆ ಎಂಬ ವಾದವನ್ನು ನಮ್ಮ ತರಗತಿಯಲ್ಲಿ ಕೇಳಿದೆ. ಅದು ಸರಿಯೇ?
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಪುಣೆ

ಉತ್ತರ: ಒಬ್ಬರ ಬದುಕನ್ನೇ ಹಿಡಿದು ನೋಡೋಣ. ಪರಿನ್ಯಾ ಚರೋನ್‌ಫೋನ್ ಎಂಬ ಹದಿಹರೆಯದ ಬಾಕ್ಸರ್ 1998ರಲ್ಲಿ ಬ್ಯಾಂಕಾಕಿನ ಲುಂಪಿನಿ ಕ್ರೀಡಾಂಗಣಕ್ಕೆ ತುಟಿಗೆ ಬಣ್ಣ ಹಚ್ಚಿಕೊಂಡು ಇಳಿದಳು. ‘ನೋಂಗ್ ತೂಮ್’ ಎಂಬ ಹೆಸರಿನಿಂದ ದೇಶಕ್ಕೆಲ್ಲ ಪರಿಚಿತಳಾದಳು. ಎದುರಾಳಿಯನ್ನು ಸೋಲಿಸಿದ ಮೇಲೆ ಅವನಿಗೆ ಮುತ್ತಿಡುವ ಅವಳ ಚಿತ್ರ ಪತ್ರಿಕೆಗಳಿಗೆ ಹಬ್ಬವಾಯಿತು. ಸಂಘಟಕರಿಗೆ ಟಿಕೆಟ್ ಮಾರಾಟ, ಛಾಯಾಗ್ರಾಹಕರಿಗೆ ಮುಖಪುಟ. ಅದೇ ವರ್ಷ ಅವಳನ್ನು ಟೋಕಿಯೋಗೆ ಕರೆದೊಯ್ದು ಜಪಾನಿನ ಮಹಿಳಾ ಕುಸ್ತಿಪಟುವಿನ ಎದುರು ನಿಲ್ಲಿಸಿದರು. 1999ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅವಳು ತಾನು ಬಯಸಿದ ಹೆಣ್ಣಾದಾಗ, ಅವಳ ಹೆಸರಿನಿಂದ ಗಳಿಸಿದ ಅದೇ ಕಣ ಅವಳಿಗೆ ಮುಚ್ಚಿತು, ಏಕೆಂದರೆ ಲುಂಪಿನಿಯ ಕಣದೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಆ ನಿಷೇಧ ತೆರವಾದದ್ದು 2021ರಲ್ಲಿ. ಅವಳ ಬದುಕನ್ನು ಆಧರಿಸಿದ ‘ಬ್ಯೂಟಿಫುಲ್ ಬಾಕ್ಸರ್’ ಚಿತ್ರ 2003ರಲ್ಲಿ ಬಂತು. ಚಿತ್ರ ಸಹಾನುಭೂತಿಯುಳ್ಳದ್ದು, ಅದರಲ್ಲಿ ನಟಿಸಿದ ಅಸನಿ ಸುವಾನ್ ಎಂಬ ಪುರುಷ ಬಾಕ್ಸರ್‌ಗೆ ಅಲ್ಲಿನ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಅವಳ ಕಥೆ ಹೇಳುವ ಅವಕಾಶವೂ ಹೀಗೆ ಒಬ್ಬ ಪುರುಷನ ಪಾಲಾಯಿತು.

ಅದಕ್ಕೂ ಮೊದಲು, 1996ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಲಂಪಾಂಗ್ ಪ್ರಾಂತದ ಪುರುಷರ ವಾಲಿಬಾಲ್ ತಂಡದ ಕುರಿತ ‘ಸತ್ರೀ ಲೆಕ್’ ಚಿತ್ರ 2000ದಲ್ಲಿ ಭರ್ಜರಿ ಹಣ ಗಳಿಸಿತ್ತು. ಆ ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಸಲಿಂಗಿಗಳು ಮತ್ತು ಟ್ರಾನ್ಸ್‌ಜೆಂಡರ್ ಮಹಿಳೆಯರು. ತಾರತಮ್ಯವನ್ನು ಎದುರಿಸಿ ಗೆದ್ದವರ ಕಥೆಯಾದರೂ ಜನರನ್ನು ಚಿತ್ರಮಂದಿರಕ್ಕೆ ಎಳೆದದ್ದು ಹಾಸ್ಯ: ಕಿರುಚಾಟ, ಕಣ್ಣಿನ ಸನ್ನೆ, ಗಂಡಸರ ಹಿಂದೆ ಓಡುವ ಪಾತ್ರಗಳು. ಧಾರಾವಾಹಿಗಳಲ್ಲಿ ಅದೇ ಪಾತ್ರ ನಾಯಕಿಯ ಗೆಳತಿಯಾಗಿ, ಮನೆಗೆಲಸದವಳಾಗಿ, ಬ್ಯೂಟಿ ಪಾರ್ಲರಿನವಳಾಗಿ ಮತ್ತೆ ಮತ್ತೆ ಬಂತು. ಅವಳಿಗೆ ತಾಯಿಯಿಲ್ಲ, ಬಾಡಿಗೆ ಕಟ್ಟುವ ಚಿಂತೆಯಿಲ್ಲ, ಯಾರ ಪ್ರೀತಿಯೂ ದಕ್ಕುವುದಿಲ್ಲ. ಸುದ್ದಿವಾಹಿನಿಗಳಿಗೆ ಪ್ರತಿ ಏಪ್ರಿಲ್ ತಿಂಗಳಲ್ಲಿ ಸೈನ್ಯಭರ್ತಿ ಕೇಂದ್ರಗಳ ಮುಂದೆ ನಿಂತ ಸುಂದರಿಯರ ಚಿತ್ರಗಳು ಬೇಕು. ಭಯದಿಂದ ತಮ್ಮ ಸರದಿಗೆ ಕಾಯುತ್ತಿರುವವರನ್ನು ದೇಶ ಮನರಂಜನೆಯಾಗಿ ನೋಡುತ್ತದೆ. 2011ರಲ್ಲಿ ಒಂದು ಪ್ರತಿಭಾ ಸ್ಪರ್ಧೆಯಲ್ಲಿ ಬೆಲ್ ನಂತಿತಾ ಎಂಬ ಗಾಯಕಿ ಮೊದಲು ಹೆಣ್ಣುದನಿಯಲ್ಲೂ ಆಮೇಲೆ ಗಂಡುದನಿಯಲ್ಲೂ ಹಾಡಿದಾಗ, ತೀರ್ಪುಗಾರರ ಬೆರಗಿನ ಮುಖಗಳೇ ಆ ವಿಡಿಯೊವನ್ನು ಜಗತ್ತಿನಾದ್ಯಂತ ಓಡಿಸಿದವು. ಅವಳ ಗಾಯನದ ಗುಣವನ್ನು ಯಾರು ಚರ್ಚಿಸಿದರು?

ಆದ್ದರಿಂದ ನಿಮ್ಮ ತರಗತಿಯ ವಾದಕ್ಕೆ ನನ್ನ ಉತ್ತರ ಹೀಗಿದೆ: ತೋರಿಸುವವರ ಕೈಯಲ್ಲಿ ಕ್ಯಾಮೆರಾ ಇರುವಷ್ಟು ಕಾಲ, ಹೆಚ್ಚು ತೋರಿಸುವುದರಿಂದ ಹೆಚ್ಚುವುದು ಅಭ್ಯಾಸ ಮಾತ್ರ. ಕ್ಯಾಮೆರಾವನ್ನು ತಾವೇ ಹಿಡಿದವರಿಗೆ ಏನಾಯಿತು ಎಂಬುದಕ್ಕೆ ತನ್ವಾರಿನ್ ಸುಖಾಪಿಸಿತ್ ಅವರನ್ನು ನೋಡಿ. ಟ್ರಾನ್ಸ್‌ಜೆಂಡರ್ ನಿರ್ದೇಶಕಿಯಾದ ಅವರು, ಟ್ರಾನ್ಸ್‌ಜೆಂಡರ್ ತಂದೆಯಿರುವ ಕುಟುಂಬವೊಂದರ ಒಳನೋವನ್ನು ಹೇಳುವ ಚಿತ್ರವನ್ನು 2010ರಲ್ಲಿ ಮಾಡಿದಾಗ, ಸೆನ್ಸಾರ್ ಮಂಡಳಿ ಅದನ್ನು ನಿಷೇಧಿಸಿತು. ನಗಿಸುವ ಪಾತ್ರಕ್ಕೆ ಸಿಕ್ಕ ಅನುಮತಿ ನೋಯುವ ಪಾತ್ರಕ್ಕೆ ಸಿಗಲಿಲ್ಲ. ಅದೇ ತನ್ವಾರಿನ್ 2019ರಲ್ಲಿ ಥಾಯ್ಲೆಂಡಿನ ಸಂಸತ್ತನ್ನು ಪ್ರವೇಶಿಸಿದ ಮೊದಲ ಟ್ರಾನ್ಸ್‌ಜೆಂಡರ್ ಸದಸ್ಯರಾದರು. ಮಾಧ್ಯಮ ಸಂಸ್ಥೆಯ ಷೇರುಗಳನ್ನು ಹೊಂದಿದ್ದರೆಂಬ ಕಾರಣಕ್ಕೆ 2020ರಲ್ಲಿ ಅವರ ಸ್ಥಾನ ಹೋಯಿತು.

ಪ್ರಶ್ನೆ: ಮಿಸ್ ಯೂನಿವರ್ಸ್ ಸಂಸ್ಥೆಯನ್ನೇ ಥಾಯ್ಲೆಂಡಿನ ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ಖರೀದಿಸಿದ್ದರಂತೆ. ಹಾಗಿದ್ದರೆ ಶೋಷಣೆಯ ಮಾತಿಗೆ ಅರ್ಥವಿದೆಯೇ?
— ಓದುಗರು, ಮಾಟುಂಗ

ಉತ್ತರ: ಅನ್ನಿ ಜಕ್ರಜುತಾತಿಪ್ ಅವರ ಜೆಕೆಎನ್ ಕಂಪನಿ 2022ರಲ್ಲಿ ಎರಡು ಕೋಟಿ ಡಾಲರಿಗೆ ಆ ಸಂಸ್ಥೆಯನ್ನು ಕೊಂಡದ್ದು ನಿಜ, ಮರುವರ್ಷವೇ ಕಂಪನಿ ಸಾಲ ತೀರಿಸಲಾಗದ ಸಂಕಟಕ್ಕೆ ಸಿಲುಕಿದ್ದೂ ನಿಜ. ಅಷ್ಟು ಎತ್ತರಕ್ಕೇರಿದವರಿಗೂ ಥಾಯ್ ಕಾನೂನು ಹೆಸರಿನ ಮುಂದಿನ ‘ನಾಯ್’ ಅನ್ನು ಅಳಿಸಿಕೊಳ್ಳಲು ಬಿಡುವುದಿಲ್ಲ. ಒಬ್ಬರ ಸಂಪತ್ತಿನಿಂದ ಸಾವಿರಾರು ಜನರ ಸ್ಥಿತಿಯನ್ನು ಅಳೆಯಬಾರದು. 1998ರಿಂದ ನಡೆಯುತ್ತಿರುವ ಮಿಸ್ ಟಿಫ಼ಾನಿ, 2004ರಲ್ಲಿ ಆರಂಭವಾದ ಮಿಸ್ ಇಂಟರ್‌ನ್ಯಾಷನಲ್ ಕ್ವೀನ್ ಸ್ಪರ್ಧೆಗಳು ಗೆದ್ದವರಿಗೆ ಕಿರೀಟ, ಜಾಹೀರಾತು, ನಟನೆಯ ಅವಕಾಶ ಕೊಟ್ಟಿವೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜೊತೆಗೆ, ಹೆಣ್ಣಾಗಿ ಒಪ್ಪಿಕೊಳ್ಳಬೇಕಾದರೆ ಇಷ್ಟು ಸುಂದರಿಯಾಗಿರಬೇಕು ಎಂಬ ಅಳತೆಗೋಲನ್ನೂ ಅವು ಕೊಟ್ಟಿವೆ. ಸೌಂದರ್ಯವೂ ವಯಸ್ಸೂ ಕೈಕೊಟ್ಟ ಟ್ರಾನ್ಸ್‌ಜೆಂಡರ್ ಮಹಿಳೆಯನ್ನು ಯಾವ ಜಾಹೀರಾತೂ ತೋರಿಸುವುದಿಲ್ಲ. 2011ರಲ್ಲಿ ಪಿಸಿ ಏರ್ ಎಂಬ ವಿಮಾನ ಕಂಪನಿ ಟ್ರಾನ್ಸ್‌ಜೆಂಡರ್ ಗಗನಸಖಿಯರನ್ನು ನೇಮಿಸಿ ಜಗತ್ತಿನ ಗಮನ ಸೆಳೆದಾಗ, ಅವರ ಎದೆಯ ಮೇಲೆ ‘ಮೂರನೆಯ ಲಿಂಗ’ ಎಂಬ ಪಟ್ಟಿಯನ್ನು ಧರಿಸಲು ಹೇಳಲಾಗಿತ್ತು. ಉದ್ಯೋಗವೂ ಜಾಹೀರಾತೂ ಒಂದೇ ಪಟ್ಟಿಯಲ್ಲಿ ಬೆರೆತದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಪ್ರಶ್ನೆ: ನನ್ನದೊಂದು ಕನ್ನಡ ಯೂಟ್ಯೂಬ್ ಚಾನೆಲ್ ಇದೆ. ಮುಂದಿನ ತಿಂಗಳು ಪಟ್ಟಾಯದ ವಾಕಿಂಗ್ ಸ್ಟ್ರೀಟ್ ಬಗ್ಗೆ ವಿಡಿಯೊ ಮಾಡುವವನಿದ್ದೇನೆ. ‘ಹುಡುಗಿಯೋ ಹುಡುಗನೋ, ಗುರುತಿಸಿ’ ಎಂಬ ಥಂಬ್‌ನೇಲ್ ಹಾಕಿದ ವಿಡಿಯೊಗಳಿಗೆ ಲಕ್ಷಗಟ್ಟಲೆ ವೀಕ್ಷಣೆ ಬರುತ್ತದೆ. ಅದರಲ್ಲಿ ಯಾರಿಗಾದರೂ ತೊಂದರೆಯಿದೆಯೇ?
— ಯುವ ಓದುಗ, ನವಿ ಮುಂಬಯಿ

ಉತ್ತರ: ಇದೆ, ಮತ್ತು ಕೇಳಿದ್ದಕ್ಕೆ ನಿಮ್ಮನ್ನು ಮೆಚ್ಚುತ್ತೇನೆ. ಆ ಬೀದಿಯಲ್ಲಿ ನಿಂತ ಹೆಂಗಸು ದುಡಿಮೆಗೆ ಬಂದವಳು. ಅವಳ ಊರಿನಲ್ಲಿ, ಬಹುಶಃ ಈಶಾನ್ಯದ ಇಸಾನ್ ಪ್ರದೇಶದ ಹಳ್ಳಿಯಲ್ಲಿ, ಹಣಕ್ಕಾಗಿ ಕಾಯುವ ತಂದೆತಾಯಿಯರಿರಬಹುದು. ಅವಳ ಮುಖವನ್ನು ಒಗಟಾಗಿ ಮಾಡಿದ ವಿಡಿಯೊದಿಂದ ಜಾಹೀರಾತಿನ ಹಣ ನಿಮಗೆ ಬರುತ್ತದೆ, ಕೆಳಗಿನ ಕೊಳಕು ಕಾಮೆಂಟುಗಳು ಅವಳ ಪಾಲಿಗೆ ಉಳಿಯುತ್ತವೆ. ಅಂಥ ವಿಡಿಯೊ ನೋಡಿ ಹೋದ ಗಂಡಸು ಅವಳೆದುರು ‘ಮೋಸಹೋದೆ’ ಎಂದು ಕೈಯೆತ್ತುತ್ತಾನೆ, ಏಕೆಂದರೆ ಅವಳ ಇರವೇ ಒಂದು ಮೋಸ ಎಂದು ಥಂಬ್‌ನೇಲ್ ಅವನಿಗೆ ಮೊದಲೇ ಕಲಿಸಿರುತ್ತದೆ.

ಅನುಮತಿ ಕೇಳದೆ ಯಾರ ಮುಖವನ್ನೂ ಹಿಡಿಯಬೇಡಿ. ಮಾತನಾಡಲು ಒಪ್ಪಿದವರ ಸಮಯಕ್ಕೆ ಹಣ ಕೊಡಿ, ಕನ್ನಡದಲ್ಲಿ ಏನು ಹೇಳಲಿದ್ದೀರಿ ಎಂಬುದನ್ನು ಅವರಿಗೆ ತಿಳಿಸಿ. ದೇಹದ ಬಗ್ಗೆ, ಶಸ್ತ್ರಚಿಕಿತ್ಸೆಯ ಬಗ್ಗೆ ಪ್ರಶ್ನಿಸಬೇಡಿ. ದುಡಿಮೆಯ ಗಂಟೆಗಳು, ಬಾಡಿಗೆ, ಮುಂದೆ ಏನು ಮಾಡಬೇಕೆಂದಿದ್ದಾರೆ ಎಂಬುದನ್ನು ಕೇಳಿ. ವೀಕ್ಷಣೆ ಕಡಿಮೆಯಾಗಬಹುದು, ಆದರೂ ಮಾಡಲು ಯೋಗ್ಯವಾದ ವಿಡಿಯೊ ಅದೇ.

ಪ್ರಶ್ನೆ: ನನಗೆ 19 ವರ್ಷದ ಮಗನಿದ್ದಾನೆ. ತಾನು ಹೆಣ್ಣೆಂದು ಒಂದು ವರ್ಷದಿಂದ ಹೇಳುತ್ತಿದ್ದಾನೆ. ದಿನವೂ ಬ್ಯಾಂಕಾಕಿನ ಆಸ್ಪತ್ರೆಗಳ ವಿಡಿಯೊ ನೋಡುತ್ತಾನೆ. ಏಜೆಂಟನೊಬ್ಬ ಪ್ಯಾಕೇಜ್ ಕಳಿಸಿ, ಈ ತಿಂಗಳೇ ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುತ್ತಾನೆ. ಮನೆಯವರಿಗೆ ಹೇಳಲಾಗದೆ ನಿಮಗೆ ಬರೆಯುತ್ತಿದ್ದೇನೆ.
— ಒಬ್ಬ ತಾಯಿ, ಚಿಂಚವಡ

ಉತ್ತರ: ಅಮ್ಮ, ನಿಮ್ಮ ಮಗು ನಿಮ್ಮೊಡನೆ ಈ ಮಾತನ್ನು ಆಡಿದೆ ಎಂಬುದೇ ದೊಡ್ಡದು. ಅನೇಕ ಮಕ್ಕಳು ಹೇಳದೆ ಮನೆ ಬಿಡುತ್ತಾರೆ. ಆ ವಿಶ್ವಾಸವನ್ನು ಮೊದಲು ಕಾಪಾಡಿಕೊಳ್ಳಿ.

ಏಜೆಂಟನಿಗೆ ಹಣ ಕಟ್ಟಬೇಡಿ. ಥಾಯ್ಲೆಂಡಿನಲ್ಲಿ 1970ರ ದಶಕದಿಂದ ಈ ಶಸ್ತ್ರಚಿಕಿತ್ಸೆ ಬೆಳೆದುಬಂದಿದೆ, ನುರಿತ ವೈದ್ಯರಿದ್ದಾರೆ, ವಿದೇಶಗಳಿಂದ ಜನ ಅಲ್ಲಿಗೆ ಹೋಗುತ್ತಾರೆ, ಇದೆಲ್ಲ ಸತ್ಯ. ಆದರೆ ಅಲ್ಲಿನ ವೈದ್ಯಕೀಯ ಮಂಡಳಿಯೇ 2009ರಲ್ಲಿ ನಿಯಮ ಮಾಡಿ, 18 ತುಂಬದವರಿಗೆ ಇದನ್ನು ನಿಷೇಧಿಸಿ, 20ರೊಳಗಿನವರಿಗೆ ಪೋಷಕರ ಒಪ್ಪಿಗೆಯನ್ನೂ, ಎಲ್ಲರಿಗೂ ಮನೋವೈದ್ಯರ ಮೌಲ್ಯಮಾಪನವನ್ನೂ ಕಡ್ಡಾಯಗೊಳಿಸಿದೆ. ರಿಯಾಯಿತಿಯ ಗಡುವು ಹಾಕಿ ಅವಸರಿಸುವವನು ಆಸ್ಪತ್ರೆಯ ಹಿತೈಷಿಯೂ ಅಲ್ಲ, ನಿಮ್ಮ ಹಿತೈಷಿಯೂ ಅಲ್ಲ. ‘ಮೊದಲು–ಆಮೇಲೆ’ ಚಿತ್ರಗಳ ವಿಡಿಯೊದಲ್ಲಿ ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಬೇಕಾಗುವ ಆರೈಕೆ, ತೊಡಕು ಬಂದರೆ ಮತ್ತೆ ಅದೇ ವೈದ್ಯರ ಬಳಿಗೆ ಹೋಗಬೇಕಾದ ಖರ್ಚು, ಇವು ಯಾವುವೂ ಕಾಣುವುದಿಲ್ಲ. ಇನ್ನೊಂದು ವಿಷಯವನ್ನು ಇಂದೇ ಕೇಳಿ ತಿಳಿದುಕೊಳ್ಳಿ: ಮಗು ಔಷಧದ ಅಂಗಡಿಯಿಂದ ಹಾರ್ಮೋನು ಮಾತ್ರೆಗಳನ್ನು ತಾನೇ ತಂದು ನುಂಗುತ್ತಿದೆಯೇ? ಹಾಗೆ ನುಂಗುವುದರಿಂದ ರಕ್ತ ಹೆಪ್ಪುಗಟ್ಟುವಂಥ ಅಪಾಯಗಳಿವೆ. ಗದರದೆ, ಹಾರ್ಮೋನು ತಜ್ಞರ ಬಳಿಗೆ ಕರೆದುಕೊಂಡು ಹೋಗಿ.

ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿಸುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಹೇಳಿದೆ. ಶಸ್ತ್ರಚಿಕಿತ್ಸೆ ಆಗುವವರೆಗೆ ತಾನು ಯಾರೂ ಅಲ್ಲ ಎಂಬ ಆತಂಕ ಮಗುವಿಗಿದ್ದರೆ ಈ ಮಾತನ್ನು ತಿಳಿಸಿ. ಮುಂಬಯಿಯಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್‌ನಂಥ ಸಂಸ್ಥೆಗಳು ಸರಿಯಾದ ವೈದ್ಯರ, ಆಪ್ತಸಲಹೆಗಾರರ ದಾರಿ ತೋರಿಸಬಲ್ಲವು. ಮನೆಯವರಿಗೆ ಯಾವಾಗ ಹೇಳಬೇಕು ಎಂಬುದನ್ನು ಮಗುವನ್ನೇ ಕೇಳಿ ನಿರ್ಧರಿಸಿ.

ಪ್ರಶ್ನೆ: ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಯುವಕರು ‘ಪಟ್ಟಾಯ ಪ್ರವಾಸ’ ಎಂಬ ಹಾಸ್ಯ ಪ್ರಹಸನ ಸಿದ್ಧಪಡಿಸುತ್ತಿದ್ದಾರೆ. ಸೀರೆಯುಟ್ಟ ಹುಡುಗರು ಗಂಡುದನಿಯಲ್ಲಿ ಮಾತನಾಡಿದಾಗ ಪ್ರವಾಸಿ ಬೆಚ್ಚಿಬೀಳುವುದೇ ಅದರ ಹಾಸ್ಯ. ಕೆಲವರು ಬೇಡವೆನ್ನುತ್ತಾರೆ, ಕೆಲವರು ಯಕ್ಷಗಾನದಲ್ಲೂ ಸ್ತ್ರೀವೇಷವಿದೆಯಲ್ಲ ಎನ್ನುತ್ತಾರೆ.
— ಸಂಘದ ಕಾರ್ಯದರ್ಶಿ, ವಾಸ್ಕೊ

ಉತ್ತರ: ಯಕ್ಷಗಾನದ ಹೋಲಿಕೆ ಇಲ್ಲಿ ಸಲ್ಲದು. ದಮಯಂತಿಯ ವೇಷ ಕಟ್ಟಿದ ಕಲಾವಿದ ದಮಯಂತಿಯ ದುಃಖವನ್ನು ಸಭೆಗೆ ಮುಟ್ಟಿಸಲು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾನೆ. ವೇಷದ ಒಳಗಿನ ದೇಹವನ್ನು ತೋರಿಸಿ ನಗಿಸುವುದು ಅವನ ಉದ್ದೇಶವಲ್ಲ. ನಿಮ್ಮ ಪ್ರಹಸನದಲ್ಲಿ ನಗುವಿರುವುದೇ ಆ ದೇಹದ ಮೇಲೆ. ಥಾಯ್ ಧಾರಾವಾಹಿಗಳು ದಶಕಗಳ ಕಾಲ ಮಾರಿದ ಸರಕು ಅದೇ, ನಮ್ಮ ಹಿಂದಿ, ಕನ್ನಡ ಚಿತ್ರಗಳ ಹಾಸ್ಯ ದೃಶ್ಯಗಳು ಮಾರಿದ್ದೂ ಅದೇ. ಸಭಾಂಗಣದ ಹಿಂದಿನ ಸಾಲಿನಲ್ಲಿ ಚಿಂಚವಡದ ತಾಯಿಯ ಮಗುವಿನಂಥ ಮಗುವೊಂದು ಕುಳಿತಿರುವುದು ಅಸಂಭವವೇನಲ್ಲ. ನನ್ನ ಅಭಿಪ್ರಾಯ: ಕೈಬಿಡಿ.

ಯುವಕರ ಉತ್ಸಾಹ ವ್ಯರ್ಥವಾಗಬೇಕಿಲ್ಲ. ಬಳ್ಳಾರಿ ಸೀಮೆಯ ಜೋಗತಿ ಪರಂಪರೆಯಿಂದ ಬಂದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರ ಪದ್ಮಶ್ರೀಯನ್ನು ಪಡೆದರು. ಜೋಗತಿ ನೃತ್ಯ, ಎಲ್ಲಮ್ಮನ ಹಾಡುಗಳು ಬಲ್ಲ ತಂಡಗಳು ಉತ್ತರ ಕರ್ನಾಟಕದಲ್ಲಿವೆ, ಗೋವಾಕ್ಕೆ ದೂರವೂ ಇಲ್ಲ. ಅಂಥ ತಂಡವೊಂದನ್ನು ಕರೆಸುವುದಾದರೆ ಉಳಿದ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆಯನ್ನು ಮೊದಲೇ ಬರಹದಲ್ಲಿ ತಿಳಿಸಿ, ಆಮಂತ್ರಣ ಪತ್ರಿಕೆಯಲ್ಲಿ ಅವರವರ ಹೆಸರನ್ನು ಅವರು ಹೇಳಿದಂತೆ ಅಚ್ಚು ಹಾಕಿಸಿ, ಬೇರೆ ಕಲಾವಿದರು ಉಳಿದುಕೊಳ್ಳುವ ಹೋಟೆಲಿನಲ್ಲೇ ಅವರಿಗೂ ಕೋಣೆಗಳನ್ನು ಕಾಯ್ದಿರಿಸಿ, ಹೋಟೆಲಿನವರು ತಕರಾರು ತೆಗೆದರೆ ಸಂಘದ ಪದಾಧಿಕಾರಿಗಳೇ ಮುಂದೆ ನಿಂತು ಮಾತನಾಡಿ.